ಚೆನ್ನಿಯ ನಾಲ್ಕನೇ ಚಿತ್ರ

ಶುಕ್ರವಾರದೊಳಗೆ ಅಮರನಾಥ ಒಂದು ಉತ್ತರ ಕೊಡಬೇಕಿತ್ತು. ಸೋಮವಾರ ಬಂದ ಪ್ರಶ್ನೆ ಅದು. ಬುಧವಾರವಾದರೂ ಅವನು ಅದರ ಎದುರು ಬಾಯಿ ಮುಚ್ಚಿಕೊಂಡೇ ಕೂತಿದ್ದ. ನಲವತ್ತೈದು ವರ್ಷದ ಒಂಟಿ ಗಂಡಸಿಗೆ ತಲೆ ಕೆಡಿಸಿಕೊಳ್ಳಲು ಏನಾದರೂ ಸಿಕ್ಕರೆ ಒಳ್ಳೆಯದೇ, ಹೊತ್ತು ಹೋಗುತ್ತದೆ. ಆದರೆ ಇದು ಹೊತ್ತು ಕಳೆಯುವ ಜಾತಿಯ ಪ್ರಶ್ನೆಯಾಗಿರಲಿಲ್ಲ.

ಅವನ ಕಂಪ್ಯೂಟರಿನ ಪರದೆಯ ಮೇಲೆ ಮೂವರು ಹುಡುಗಿಯರು ನಡೆಯುತ್ತಿದ್ದರು. ಮೂವರಿಗೂ ಹೆಸರು ಒಂದೇ, ಚೆನ್ನಿ. ಮೂವರಿಗೂ ಕೆಂಪು ಲಂಗ, ಒಂಟಿ ಜಡೆ, ಸೊಂಟದಲ್ಲಿ ಬೀಗದಕೈ ಗೊಂಚಲು. ಮೊದಲನೆಯವಳು ಮೈಕೈ ತುಂಬಿಕೊಂಡ ಗೊಂಬೆ. ಸುತ್ತ ತಿರುಗಿಸಿ ಬೆನ್ನು, ಹೆಗಲು ಎಲ್ಲ ನೋಡಬಹುದಿತ್ತು, ಲಂಗದ ನೆರಿಗೆ ಕೂಡ ಗಾಳಿಗೆ ಅಲ್ಲಾಡುತ್ತಿತ್ತು. ಎರಡನೆಯವಳನ್ನು ಯಾರೋ ಕೈಯಿಂದ ನೀರುಬಣ್ಣದಲ್ಲಿ ಬರೆದಿದ್ದರು, ಬಹಳ ಮುದ್ದಾಗಿದ್ದಳು. ಮೂರನೆಯವಳು ಹಳೇ ಚೆನ್ನಿಯೇ, ಚೌಕ ಚೌಕ ಚುಕ್ಕಿಗಳನ್ನು ಜೋಡಿಸಿ ಮಾಡಿದವಳು; ಅವಳ ಮೇಲೆ ಮಾತ್ರ ಹೊಸ ಬಿಸಿಲು, ಹೊಸ ನೆರಳು. ಈ ಮೂವರಲ್ಲಿ ಯಾರು ಇರಬೇಕು ಅಂತ ಅವನು ಹೇಳಬೇಕು, ಅಷ್ಟೇ.

ಬೆಂಗಳೂರಿನ ಒಂದು ಸಣ್ಣ ಕಂಪನಿ ‘ಏಳು ಬೀಗ’ ಅನ್ನುವ ಹಳೇ ಆಟವನ್ನು ಹೊಸದಾಗಿ ಮಾಡಲು ಹೊರಟಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಆ ಆಟವನ್ನು ಕಂಪ್ಯೂಟರಿನೊಳಗೆ ಹಾಕಿದವನು ಅಮರನಾಥ. ಈಗ ಒಪ್ಪಂದ ಮಾಡಿಕೊಳ್ಳುವಾಗ ಅವನು ಒಂದೇ ಒಂದು ಷರತ್ತು ಹಾಕಿದ್ದ: ಚಿತ್ರದ ಶೈಲಿ ಯಾವುದು ಅಂತ ಕೊನೆಗೆ ತಾನೇ ಹೇಳಬೇಕು. ಯಾಕೆ ಹಾಕಿದೆ ಅಂತ ಅವನನ್ನು ಕೇಳಿದ್ದರೆ ತಡವರಿಸುತ್ತಿದ್ದ. ಚಿತ್ರ ಬರೆದವನು ಅವನಲ್ಲವಲ್ಲ.

ಚಿತ್ರ ಅವನ ಅಕ್ಕ ಗಂಗಾಳದು. ಬರೆದದ್ದು ಅನ್ನುವುದೂ ತಪ್ಪು, ಹೊಲಿದದ್ದು.

ಆಗ ಅವರ ಮನೆ ಮಾಸ್ತಿಯಲ್ಲಿತ್ತು. ಅಪ್ಪ ಅಮ್ಮ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದರು. ಗಂಗಾಳಿಗೆ ಮೂರು ವರ್ಷವಿದ್ದಾಗ ಪೋಲಿಯೊ ಬಂದು ಎಡಗಾಲು ಸಣ್ಣಗಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿದಮೇಲೆ ಮಾಲೂರಿನ ಕಾಲೇಜಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿಬರುವುದು ಬೇಡ ಅಂತ ಮನೆಯವರೇ ತೀರ್ಮಾನಿಸಿದರು. ಅವಳನ್ನು ಯಾರೂ ಕೇಳಲಿಲ್ಲ. ಅವಳು ಮನೆಯಲ್ಲಿ ಕೂತು ಮ್ಯಾಟಿ ಬಟ್ಟೆಯ ಮೇಲೆ ಕಸೂತಿ ಹಾಕತೊಡಗಿದಳು. ಸಣ್ಣ ಸಣ್ಣ ಚೌಕದ ನೇಯ್ಗೆಯ ಬಟ್ಟೆ ಅದು. ಒಂದೊಂದು ಚೌಕಕ್ಕೂ ದಾರದ ಒಂದು ಗುಣಿಸು ಗುರುತು. ಹಾಗೆ ಹಾಕುತ್ತಾ ಹಾಕುತ್ತಾ ಗಿಳಿ ಬರುತ್ತದೆ, ಗುಲಾಬಿ ಬರುತ್ತದೆ, ‘ಸುಸ್ವಾಗತ’ ಬರುತ್ತದೆ. ಆ ಕಾಲದಲ್ಲಿ ಮಾಸ್ತಿಯ ಅರ್ಧ ಮನೆಗಳ ಟಿವಿಯ ಮೇಲೆ ಗಂಗಾಳ ಗಿಳಿಗಳು ಕೂತಿದ್ದವು.

ಡಿಪ್ಲೊಮಾ ಮುಗಿಸಿದ್ದ ಅಮರನಾಥ ಒಂದು ಹಳೇ ಕಂಪ್ಯೂಟರ್ ಮನೆಗೆ ತಂದು, ಒಂದು ಪಾತ್ರವನ್ನು ಹಿಡಿದು ಊರೂರು ಅಲೆಯುವ ಆಟ ಮಾಡುತ್ತೇನೆ ಅಂತ ಹೊರಟಾಗ ಚಿತ್ರ ಯಾರು ಬರೆಯಬೇಕು ಅನ್ನುವ ಪ್ರಶ್ನೆ ಬಂತು. ಅವನು ಹಸು ಬರೆದರೆ ಅದು ಮಂಚದ ಹಾಗೆ ಕಾಣುತ್ತಿತ್ತು. ಗಂಗಾ ಅವನ ಹಿಂದೆ ನಿಂತು ಪರದೆಯ ಮೇಲಿನ ಚೌಕಗಳನ್ನು ನೋಡಿ, “ಇದು ಮ್ಯಾಟಿ ಬಟ್ಟೆ ಕಣೋ, ಬೇರೆ ಏನೂ ಅಲ್ಲ” ಅಂದಳು. ಅಲ್ಲಿಂದ ಶುರುವಾಯಿತು.

ರೇಷ್ಮೆ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತ ದಿನ ಮನೆಮಂದಿಗೆ ಬಿಡುವು. ಆ ಬಿಡುವುಗಳಲ್ಲೇ ‘ಏಳು ಬೀಗ’ ಹುಟ್ಟಿದ್ದು. ಅಕ್ಕ ಹೊಲಿದ ಬಟ್ಟೆಯನ್ನು ಮಡಿಲಲ್ಲಿ ಹರವಿಕೊಂಡು ಸಾಲು ಸಾಲಾಗಿ ಓದುವಳು: “ಖಾಲಿ ಐದು, ಕಪ್ಪು ಮೂರು, ಖಾಲಿ ಎಂಟು.” ತಮ್ಮ ಅದನ್ನೇ ತಿರುಗಿ ಹೇಳಿ ಪರದೆಯ ಮೇಲೆ ತುಂಬುವನು: “ಖಾಲಿ ಐದು, ಕಪ್ಪು ಮೂರು, ಖಾಲಿ ಎಂಟು.” ಚೆನ್ನಿ ಅಗಲಕ್ಕೆ ಹದಿನಾರು ಮನೆ, ಅಂದರೆ ಹದಿನಾರು ಚೌಕ, ಎತ್ತರಕ್ಕೆ ಇಪ್ಪತ್ತನಾಲ್ಕು. ಅವಳು ನಡೆಯಬೇಕಾದರೆ ನಾಲ್ಕು ಚಿತ್ರ ಬೇಕು: ಬಲಗಾಲು ಎತ್ತಿದ್ದು, ಬಲಗಾಲು ಊರಿದ್ದು, ಎಡಗಾಲು ಎತ್ತಿದ್ದು, ಎಡಗಾಲು ಊರಿದ್ದು. ನಾಲ್ಕನ್ನು ಒಂದರ ಹಿಂದೆ ಒಂದು ಓಡಿಸಿದರೆ ಹುಡುಗಿ ನಡೆದುಬಿಡುತ್ತಾಳೆ. ಮೊದಲ ಸಲ ಅವಳು ನಡೆದಾಗ ಇಬ್ಬರೂ ಕಿರುಚಿಕೊಂಡಿದ್ದರು. ಒಳಗಿಂದ ಅಮ್ಮ ಏನೋ ಹಾವು ಬಂತು ಅಂತ ಕೋಲು ಹಿಡಿದು ಬಂದಿದ್ದಳು.

ಆಟದ ಕಥೆ ಸರಳ. ಏಳು ಊರುಗಳ ಜನ ಬಾಗಿಲ ಹಿಂದೆ ಸಿಕ್ಕಿಬಿದ್ದಿದ್ದಾರೆ, ಎಲ್ಲ ಬಾಗಿಲಿಗೂ ಬೀಗ. ಚೆನ್ನಿ ಒಬ್ಬಳೇ ಬೀದಿಯಲ್ಲಿ ಉಳಿದವಳು. ಅವಳು ಕಾವಲಿನವರ ಜೊತೆ ಹೋರಾಡಿ, ಬಲ ಹೆಚ್ಚಿಸಿಕೊಂಡು, ಬೀಗದಕೈ ಹುಡುಕಿ ಒಂದೊಂದೇ ಊರು ಬಿಡಿಸಬೇಕು. ಖಾಲಿ ಬೀದಿಗಳಲ್ಲಿ ಒಬ್ಬಳೇ ಹುಡುಗಿ ನಡೆಯುವ ಆ ಏಕಾಂತದ ಬಗ್ಗೆ ಈಗ ಇಂಟರ್ನೆಟ್ಟಿನಲ್ಲಿ ಉದ್ದುದ್ದ ಭಾಷಣ ಮಾಡುವವರಿದ್ದಾರೆ. ನಿಜ ಸಂಗತಿ ಏನೆಂದರೆ, ಒಬ್ಬೊಬ್ಬ ಮನುಷ್ಯನನ್ನು ಹೊಲಿಯಲು ಆರಾರು ದಿನ ಹಿಡಿಯುತ್ತದೆ, ಅಷ್ಟೊಂದು ಜನರನ್ನು ನನ್ನ ಕೈಲಿ ಆಗಲ್ಲಪ್ಪ ಅಂತ ಗಂಗಾ ಹೇಳಿದ್ದಳು. ಅದಕ್ಕೇ ಎಲ್ಲರನ್ನೂ ಬಾಗಿಲ ಹಿಂದೆ ಹಾಕಿ ಬೀಗ ಜಡಿದದ್ದು.

ಆಟ ತುಂಬಿದ ಸಿಡಿ ಕೋಲಾರ, ಮಾಲೂರು, ಮುಳಬಾಗಿಲಿನ ಸೈಬರ್ ಸೆಂಟರುಗಳಲ್ಲಿ ಕೈಯಿಂದ ಕೈಗೆ ಹೋಯಿತು. ಒಂದು ವರ್ಷದ ಮೇಲೆ, ಕೆಲವು ತಪ್ಪು ತಿದ್ದಿ ಎರಡನೇ ಸಿಡಿ ಮಾಡಿದರು. ಮೂರನೆಯದಕ್ಕೆ ಅಮರನಾಥ ಕಥೆ ಬರೆದಿಟ್ಟುಕೊಂಡಿದ್ದ. ಗಂಗಾ ಕಣ್ಣು ನೋಯುತ್ತೆ ಅಂದಳು. ಆಮೇಲೆ ಅವಳು ಸೂಜಿ ಹಿಡಿದದ್ದನ್ನು ಅವನು ನೋಡಲಿಲ್ಲ. ಮೂವತ್ತೊಂದನೇ ವಯಸ್ಸಿಗೆ ಅವಳನ್ನು ಗೌನಿಪಲ್ಲಿಯ ರಾಮಚಂದ್ರಪ್ಪ ಅನ್ನುವ ಮಾವಿನ ತೋಟದವನಿಗೆ, ಹೆಂಡತಿ ತೀರಿಕೊಂಡಿದ್ದವನಿಗೆ, ಕೊಟ್ಟು ಮದುವೆ ಮಾಡಿದರು. ಅಕ್ಕನದು ಆಗಲಿ ಅಂತ ಕಾಯುತ್ತಿದ್ದ ಅಮರನಾಥ ತನ್ನ ಮದುವೆಯನ್ನು ಮರೆತೇಬಿಟ್ಟ. ನೆನಪು ಮಾಡಬೇಕಾದವರು ಒಬ್ಬೊಬ್ಬರೇ ಹೋಗಿಬಿಟ್ಟರು.

ಈಗ ಅವನು ಕೋಲಾರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾನೆ. ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಟೊಮೆಟೊ ಕ್ರೇಟು ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗುವ ಗಾಡಿಗಳ ಸದ್ದಿಗೆ ಏಳುತ್ತಾನೆ. ಮೆಸ್ಸಿನಲ್ಲಿ ತಿನ್ನುತ್ತಾನೆ. ದಿನಪೂರ್ತಿ ಅವನನ್ನು ಜನ ಕರೆಯುವುದು “ಸರ್, ಲಾಗಿನ್ ಆಗ್ತಿಲ್ಲ” ಅಂತ ಹೇಳುವುದಕ್ಕೆ ಮಾತ್ರ. ಭಾನುವಾರ ಅಕ್ಕನಿಗೆ ಫೋನ್ ಮಾಡುತ್ತಾನೆ. “ಊಟ ಆಯ್ತಾ?” “ಆಯ್ತು. ನಿಂದು?” “ಆಯ್ತು.” “ಸರಿ ಇಡ್ಲಾ?” ಒಂದು ನಿಮಿಷ ದಾಟಿದ ದಿನ ಇಬ್ಬರಿಗೂ ಗಾಬರಿಯಾಗುತ್ತದೆ, ಯಾರಾದರೂ ಹೋದರೇನೋ ಅಂತ. ಜಗಳ ಆಗಿದ್ದರೆ ಬೇರೆ ಮಾತು, ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ಯಾವತ್ತೂ ಜಗಳವೇ ಆಡದ ಇಬ್ಬರ ನಡುವೆ ಇಷ್ಟೊಂದು ಮೌನ ಹೇಗೆ ಬಂತು ಅಂತ ಅವನಿಗೆ ಗೊತ್ತಾಗಿರಲಿಲ್ಲ.

ಬುಧವಾರ ಮಧ್ಯಾಹ್ನ, ಹುಡುಗರೆಲ್ಲ ಊಟಕ್ಕೆ ಹೋಗಿ ಲ್ಯಾಬ್ ಖಾಲಿಯಾಗಿದ್ದಾಗ, ಮಾನಸ ಫೋನ್ ಮಾಡಿದಳು. ಹೊಸ ಆಟದ ಚಿತ್ರಗಳ ಹೊಣೆ ಅವಳದು. ಮುಳಬಾಗಿಲಿನವಳು, ಎಂಟನೇ ಕ್ಲಾಸಿನಲ್ಲಿ ಸೈಬರ್ ಸೆಂಟರಿಗೆ ಕದ್ದು ಹೋಗಿ ‘ಏಳು ಬೀಗ’ ಆಡಿದವಳು.

“ಸರ್, ನೋಡಿದ್ರಾ? ಯಾವ್ದು ಇಷ್ಟ ಆಯ್ತು?”

“ಮೂರೂ ಚೆನ್ನಾಗಿದೆಯಮ್ಮ.”

“ಹಂಗಂದ್ರೆ ಆಗಲ್ಲ ಸರ್, ಒಂದು ಹೇಳ್ಬೇಕು. ಆ ಗೊಂಬೆ ಥರದ್ದು ಈಗಿನ ಮಕ್ಕಳಿಗೆ ಹಿಡಿಸುತ್ತೆ, ಆದ್ರೆ ಖಾಲಿ ಬೀದಿ ನಿಜವಾಗ್ಲೂ ಖಾಲಿ ಹೊಡೆಯುತ್ತೆ, ಕೆಲಸ ಅರ್ಧಕ್ಕೆ ಬಿಟ್ಟಂಗೆ ಕಾಣುತ್ತೆ. ನೀರುಬಣ್ಣದ್ದು ಬಾಗಿಲು, ಬೀಗಕ್ಕೆಲ್ಲ ಬಹಳ ಚೆನ್ನಾಗಿ ಕೂತಿದೆ. ಚುಕ್ಕೀದು ಹಳಬರಿಗೆ ಖುಷಿ. ನನ್ ಕೇಳಿದ್ರೆ ಹಳೇದು ಹೆಂಗಿತ್ತೋ ಹಂಗೇ ಇಡ್ಬೇಕು ಅಂತಿಲ್ಲ ಸರ್, ಆಡಿದವರ ಮನಸ್ಸಲ್ಲಿ ಹೆಂಗೆ ಉಳಿದಿದೆಯೋ ಹಂಗೆ ಇಡ್ಬೇಕು.” ಆಮೇಲೆ, “ಇನ್ನೊಂದು ವಿಷ್ಯ ಕೇಳ್ಬೇಕಿತ್ತು ಸರ್. ಮೊದಲ್ನೇ ಸಿಡೀಲಿ ಚೆನ್ನಿ ಕುಂಟ್ತಾಳೆ. ಎರಡನೇದ್ರಲ್ಲಿ ಸರಿಯಾಗಿ ನಡೀತಾಳೆ. ನಾವು ಯಾವ್ದನ್ನ ತಗೊಳ್ಳೋಣ?” ಅಂದಳು.

“ಕುಂಟ್ತಾಳಾ?”

“ಹೂಂ ಸರ್. ಎಡಗಾಲು ಒಂಚೂರು ಹಿಂದೆ ಊರ್ತಾಳಲ್ಲ. ನಾವು ಸ್ಕೂಲಲ್ಲಿ ಎಲ್ಲ ಅವಳ ಥರಾನೇ ನಡೀತಿದ್ವಿ. ನಮ್ಮ ಕ್ಲಾಸಲ್ಲಿ ಒಬ್ಳು ಹುಡುಗಿ ಇದ್ಳು ಸರ್, ಕಾಲು ಹಂಗೇ ಇತ್ತು. ಆ ವರ್ಷ ಅವಳೇ ಚೆನ್ನಿ, ಯಾವಾಗ್ಲೂ.”

“ಅದು ಕುಂಟೋದಲ್ಲ ಕಣಮ್ಮ, ಅದು ಎಣಿಕೆ ತಪ್ಪು. ಎರಡನೇ ಚಿತ್ರದಲ್ಲಿ ಎರಡು ಪಾದದ ನಡುವೆ ನಾಲ್ಕು ಮನೆ ಬಿಟ್ಟು, ನಾಲ್ಕನೇದ್ರಲ್ಲಿ ಮೂರೇ ಬಿಟ್ಟಿತ್ತು. ಮ್ಯಾಟೀಲಿ ಒಂದು ಮನೆ ತಪ್ಪೋದು ಸಾಮಾನ್ಯ. ನಾನೇ ಆಮೇಲೆ…”

ಅಷ್ಟು ಹೇಳಿ ಅಮರನಾಥ ನಿಂತುಬಿಟ್ಟ. ಆ ಕಡೆಯಿಂದ ಮಾನಸ “ಸರ್? ಹಲೋ?” ಅನ್ನುತ್ತಿದ್ದಳು. ಅವನು ಫೋನನ್ನು ಮೇಜಿನ ಮೇಲಿಟ್ಟ.

ಆ ಬಟ್ಟೆಗಳಲ್ಲಿ ಅಕ್ಕ ಬೇರೆ ಎಲ್ಲೂ ಎಣಿಕೆ ತಪ್ಪಿರಲಿಲ್ಲ. ತಪ್ಪಿದರೆ ಅವಳೇ ಕಂಡುಹಿಡಿದು ಬಿಚ್ಚಿ ಹಾಕುತ್ತಿದ್ದಳು. ತಿದ್ದಬೇಕಾದರೆ ಅವನು ಅವಳನ್ನು ಕೇಳಿಯೇ ತಿದ್ದುತ್ತಿದ್ದ. ಇದೊಂದನ್ನು ಮಾತ್ರ, ಎರಡನೇ ಸಿಡಿಯ ಗಡಿಬಿಡಿಯಲ್ಲಿ, ಕೇಳದೆ ತಿದ್ದಿದ್ದ. ಎಡಪಾದವನ್ನು ಒಂದು ಮನೆ ಮುಂದಕ್ಕೆ ಸರಿಸಿದ್ದ, ಅರ್ಧ ನಿಮಿಷದ ಕೆಲಸ. ಸರಿಸಿ, ಅವಳನ್ನು ಕರೆದು ಕೂರಿಸಿ ತೋರಿಸಿದ್ದ. ಆವತ್ತು ತಾನು ಆಡಿದ ಮಾತು ಅವನಿಗೆ ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು.

“ನೋಡಕ್ಕಾ, ಈಗ ಸರಿಯಾಗಿ ನಡೀತಾಳೆ.”

ಅಕ್ಕ ಸ್ವಲ್ಪ ಹೊತ್ತು ನೋಡಿ, “ಹೂಂ ಕಣೋ, ಚೆನ್ನಾಗ್ ನಡೀತಾಳೆ” ಅಂದಿದ್ದಳು. ಅಂದು, ಹುಳುಗಳಿಗೆ ಸೊಪ್ಪು ಹಾಕಲು ಎದ್ದು ಹೋಗಿದ್ದಳು.

ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬೆಳೆದವನಿಗೆ ಇದು ಹೊಳೆಯಲಿಲ್ಲವೇ ಅಂತ ಯಾರಾದರೂ ಕೇಳಬಹುದು. ಮನೆಯವರ ನಡಿಗೆಯನ್ನು ಯಾರು ನೋಡುತ್ತಾರೆ? ಅವನು ಕಣ್ಣು ಬಿಟ್ಟಾಗಿನಿಂದ ಅಕ್ಕ ಹಾಗೇ ನಡೆದವಳು; ಅವನ ಲೆಕ್ಕದಲ್ಲಿ ಅದು ಕುಂಟು ಅಲ್ಲ, ಅದು ಅಕ್ಕ. ಇನ್ನೂರು ಜನರ ನಡುವೆ ಆ ಕಾಲಿನ ಸದ್ದು ಕೇಳಿದರೂ ಗುರುತು ಹಿಡಿಯುತ್ತಿದ್ದ. ಬಟ್ಟೆಯ ಮೇಲೆ ಕಂಡಾಗ ಮಾತ್ರ ಗುರುತು ಹಿಡಿಯದೆ ತಪ್ಪು ಅಂದುಬಿಟ್ಟ. ಖಾಲಿ ಲ್ಯಾಬಿನಲ್ಲಿ ನಲವತ್ತು ಕಂಪ್ಯೂಟರುಗಳ ನಡುವೆ ಕೂತು ಅವನು ಅತ್ತ. ಹುಡುಗರು ಊಟ ಮುಗಿಸಿ ಬರುವ ಹೊತ್ತಿಗೆ ಮುಖ ತೊಳೆದುಕೊಂಡ.

ಗುರುವಾರ ರಜೆ ಹಾಕಿ, ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ಹೊರಟ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸಿದ. ಸಂಕ್ರಾಂತಿ ಕಳೆದು ವಾರವಾಗಿತ್ತು. ದಾರಿಯ ಎರಡೂ ಕಡೆ ಮಾವು ಹೂ ಬಿಟ್ಟಿತ್ತು. ಪಕ್ಕದ ಸೀಟಿನ ಹೆಂಗಸು ಅವರೆಕಾಯಿ ಚೀಲವನ್ನು ಅವನ ಕಾಲ ಮೇಲೆ ಅರ್ಧ ಇಟ್ಟು, ತೆಲುಗಿನಲ್ಲಿ ಯಾವ ಊರು, ಎಷ್ಟು ಮಕ್ಕಳು ಅಂತ ವಿಚಾರಿಸಿದಳು. ಮಕ್ಕಳಿಲ್ಲ ಅಂದ. ಮದುವೆ? ಇಲ್ಲ ಅಂದ. ಅವಳು ಚೀಲವನ್ನು ತನ್ನ ಕಾಲ ಮೇಲೆ ಎಳೆದುಕೊಂಡಳು. ಕೇಳುವುದಕ್ಕೆ ಇನ್ನೇನೂ ಇರಲಿಲ್ಲ ಅಂತ ಕಾಣುತ್ತದೆ, ಗೌನಿಪಲ್ಲಿಯವರೆಗೂ ಕಿಟಕಿಯ ಕಡೆ ನೋಡುತ್ತಾ ಕೂತಳು.

ಬಾಗಿಲಲ್ಲೇ ರಾಮಚಂದ್ರಪ್ಪ ಸಿಕ್ಕಿದ. ತೋಟಕ್ಕೆ ಔಷಧಿ ಹೊಡೆಸಲು ಹೊರಟಿದ್ದ. “ರಾ ಬಾಮೈದ, ಕೂಚೋ, ಕೂತ್ಕೋ! ಏನು, ಫೋನೂ ಇಲ್ಲ ಏನೂ ಇಲ್ಲ, ಎಲ್ಲಾ ಬಾಗುಂದಾ, ಚೆನ್ನಾಗಿದೀಯಾ?” ಅಂತ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡಿಸಿ, “ಊಟ ಮಾಡ್ಕೊಂಡೇ ಹೋಗ್ಬೇಕು” ಅಂತ ಕಟ್ಟಪ್ಪಣೆ ಮಾಡಿ ಗಾಡಿ ಹತ್ತಿದ. ಒಳ್ಳೆಯ ಮನುಷ್ಯ. ಅಕ್ಕನಿಗೆ ಅಲ್ಲಿ ಯಾವುದಕ್ಕೂ ಕಡಿಮೆಯಿರಲಿಲ್ಲ, ಹಾಗಂತ ಎಲ್ಲರೂ ಹೇಳುತ್ತಿದ್ದರು.

ಗಂಗಾ ಪಡಸಾಲೆಯಲ್ಲಿ ಕೂತು, ನೀರಿನಲ್ಲಿ ನೆನೆಸಿದ ಅವರೆಕಾಳನ್ನು ಒಂದೊಂದೇ ಹಿದುಕಿ ಬೇಳೆ ಬಿಡಿಸುತ್ತಿದ್ದಳು. ಐವತ್ತೆರಡು ವರ್ಷ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈ ಮಾತ್ರ ಹಿಂದಿನಷ್ಟೇ ಚುರುಕಾಗಿತ್ತು, ನೋಡದೇ ಕೆಲಸ ಮಾಡುತ್ತಿತ್ತು.

“ಏನೋ ಅಮರ, ಭಾನುವಾರ ಅಲ್ಲವಲ್ಲ ಇವತ್ತು” ಅಂದಳು. “ಹುಷಾರಿದೀಯಾ?”

“ಹುಷಾರಿದೀನಿ. ಒಂದು ತೋರಿಸ್ಬೇಕಿತ್ತು ಅಕ್ಕಾ.”

ಅವನು ಲ್ಯಾಪ್‌ಟಾಪು ತೆಗೆದು ಅವಳ ಪಕ್ಕದ ಸ್ಟೂಲಿನ ಮೇಲಿಟ್ಟ. ‘ಏಳು ಬೀಗ’ ಮತ್ತೆ ಮಾಡುತ್ತಿದ್ದಾರೆ ಅನ್ನುವುದನ್ನು ಫೋನಿನಲ್ಲಿ ಒಂದು ಸಲ ಹೇಳಿದ್ದ, ಅವಳು “ಒಳ್ಳೇದು” ಅಂದಿದ್ದಳು, ಅಷ್ಟಕ್ಕೇ ಮುಗಿದಿತ್ತು. ಈಗ ಮೊದಲನೇ ಚೆನ್ನಿಯನ್ನು ನಡೆಸಿದ. ಗಂಗಾ ಕಾಳು ಹಿದುಕುತ್ತಲೇ ನೋಡಿದಳು. ಗೊಂಬೆ ಹುಡುಗಿ ಲಂಗ ಬೀಸಿಕೊಂಡು ಬೀಗ ಹಾಕಿದ ಬಾಗಿಲುಗಳ ಮುಂದೆ ಹೋದಳು, ತಿರುಗಿ ಬಂದಳು.

“ಚೆನ್ನಾಗ್ ನಡೀತಾಳೆ” ಅಂದಳು ಗಂಗಾ.

ಅದೇ ಮಾತು, ಅದೇ ಧ್ವನಿ. ಹಿಂದೆ ಒಂದು ಸಲ ಕೇಳಿ ನಂಬಿದ್ದ. ಈ ಸಲ ನಂಬಲಿಲ್ಲ.

“ಈ ನಡಿಗೆ ಯಾರ್ದು?” ಅವಳು ಕೇಳಿದಳು.

“ಅಂದ್ರೆ?”

“ಯಾರನ್ನಾದ್ರೂ ನೋಡ್ಕೊಂಡೇ ತಾನೇ ಮಾಡಿರ್ತಾರೆ?”

“ಹೂಂ. ಯಾರೋ ಒಬ್ಬ ಹುಡುಗಿ ಮೈಗೆ ಏನೇನೋ ಕಟ್ಟಿ, ನಡೆಸಿ, ಅದನ್ನ ಕಂಪ್ಯೂಟರಿಗೆ ತಗೊಂಡಿದಾರೆ.”

“ಹೆಸರೇನು ಅವಳದು?”

“ಗೊತ್ತಿಲ್ಲ ಅಕ್ಕ.”

“ಕೇಳ್ಬೇಕಿತ್ತು” ಅಂದಳು ಗಂಗಾ. ಹಿದುಕಿದ ಬೇಳೆ ಪಾತ್ರೆಗೆ ಬೀಳುತ್ತಲೇ ಇತ್ತು.

ಅಮರನಾಥ ಉಳಿದಿಬ್ಬರು ಹುಡುಗಿಯರನ್ನು ತೋರಿಸಲಿಲ್ಲ. ಪರದೆ ಮುಚ್ಚಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಟ್ಟು, “ಅಕ್ಕಾ, ಆ ನಾಲ್ಕನೇ ಚಿತ್ರ,” ಅಂದ. “ಎಡಗಾಲು. ಅದು ತಪ್ಪಾಗಿರ್ಲಿಲ್ಲ ಅಲ್ವಾ?”

ಗಂಗಾಳ ಕೈ ನಿಂತಿತು. ಆಮೇಲೆ ಕೈ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬೀರು ತೆಗೆದ ಸದ್ದಾಯಿತು. ಬರುವಾಗ ಕೈಯಲ್ಲಿ ಒಂದು ಹಳೇ ಸೀರೆಯ ಗಂಟು ಇತ್ತು. ಒಳಗೆ ಮ್ಯಾಟಿ ಬಟ್ಟೆಗಳು, ಮಡಿಕೆ ಮಡಿಕೆಯಾಗಿ, ನಡುನಡುವೆ ಒಣಗಿದ ಬೇವಿನ ಎಲೆ. ಬಾಗಿಲುಗಳು, ಬೀಗಗಳು, ಕಾವಲಿನವರು. ಎಲ್ಲಕ್ಕಿಂತ ಕೆಳಗೆ ಚೆನ್ನಿಯ ನಾಲ್ಕು ಚಿತ್ರಗಳ ಬಟ್ಟೆಪಟ್ಟಿ. ಅವನು ಅವುಗಳನ್ನು ಮಾಸ್ತಿಯ ಮನೆ ಮಾರುವಾಗಲೇ ಕಳೆದುಹೋದವು ಅಂದುಕೊಂಡಿದ್ದ. ಕಂಪನಿಯವರಿಗೂ ಹಾಗೇ ಹೇಳಿದ್ದ.

ಪಟ್ಟಿಯನ್ನು ಅವನು ಬಿಸಿಲಿಗೆ ಹಿಡಿದ. ನಾಲ್ಕನೇ ಚಿತ್ರದಲ್ಲಿ ಎಡಪಾದ ಅವನು ತಿದ್ದಿದ ಕಡೆಯಲ್ಲೇ ಇತ್ತು. ಖಾಲಿ ನಾಲ್ಕು, ಕಪ್ಪು ಎರಡು, ಖಾಲಿ ನಾಲ್ಕು, ಕಪ್ಪು ಎರಡು, ಖಾಲಿ ನಾಲ್ಕು. ಅಂದರೆ ಅಕ್ಕ ಮೊದಲೇ ಸರಿಯಾಗಿ ಹೊಲಿದಿದ್ದಳೇ? ತಾನೇ ತುಂಬುವಾಗ ತಪ್ಪಿದ್ದನೇ? ಒಂದು ಗಳಿಗೆ, ನಾಚಿಕೆಯಿಲ್ಲದೆ, ಅವನ ಎದೆ ಹಗುರವಾಯಿತು. ಆಮೇಲೆ ಹತ್ತಿರ ಹಿಡಿದು ನೋಡಿದ. ಪಾದ, ಕಣಕಾಲು, ಮೊಣಕಾಲಿನವರೆಗೂ ದಾರದ ಕಪ್ಪು ಬೇರೆಯಾಗಿತ್ತು, ಸ್ವಲ್ಪ ಹೊಸದು. ಅದರ ಪಕ್ಕದಲ್ಲಿ, ಒಂದು ಮನೆ ಹಿಂದೆ, ಬಟ್ಟೆಯಲ್ಲಿ ಸೂಜಿಯ ತೂತುಗಳು ಅಗಲವಾಗಿ ಉಳಿದಿದ್ದವು. ಹಳೇ ದಾರ ಬಿಟ್ಟ ಬಣ್ಣ ಆ ಮನೆಯಲ್ಲಿ ಬೂದಿಯಾಗಿ ನಿಂತಿತ್ತು.

“ಬಿಚ್ಚಿ ಹೊಲಿದ್ಯಾ?”

“ನೀನು ತಿದ್ದಿದ್ಯಲ್ಲ” ಅಂದಳು ಗಂಗಾ. ಸಿಟ್ಟಿರಲಿಲ್ಲ, ದೂರಿನ ಧ್ವನಿಯೂ ಅಲ್ಲ. “ಕಂಪ್ಯೂಟರಲ್ಲಿ ಒಂಥರ, ಬಟ್ಟೇಲಿ ಒಂಥರ ಇದ್ರೆ ನಾಳೆ ನೋಡಿದವ್ರು ಗಂಗಾಗೆ ಎಣಿಸೋಕೆ ಬರಲ್ಲ ಅಂತಾರೆ ಅಂತ. ಆವತ್ತೇ ಬಿಚ್ಚಿದೆ, ನೀನು ಸಿಡಿ ತಗೊಂಡು ಕೋಲಾರಕ್ಕೆ ಹೋದ್ಯಲ್ಲ, ಆವತ್ತು. ಅದೇ ಕೊನೆ, ಆಮೇಲೆ ಸೂಜಿ ಹಿಡೀಲಿಲ್ಲ.”

“ಯಾಕಕ್ಕಾ ಹೇಳ್ಲಿಲ್ಲ? ಒಂದ್ ಮಾತು ಅಂದಿದ್ರೆ…”

“ಏನಂತ ಹೇಳೋದೋ? ಅವಳು ನಾನು ಕಣೋ ಅಂತಾನಾ?” ಅವಳು ಬಟ್ಟೆಯ ಮೇಲೆ ಕೈ ಆಡಿಸಿದಳು. “ನಾನು ಕೋಲಾರ ನೋಡಿರ್ಲಿಲ್ಲ ಆಗ. ಮುಳಬಾಗಿಲೂ ನೋಡಿರ್ಲಿಲ್ಲ, ಈ ಊರೂ ನೋಡಿರ್ಲಿಲ್ಲ. ನೀನು ಹೇಳ್ತಿದ್ದೆ, ನಾನು ಹೊಲೀತಿದ್ದೆ. ಏಳೂರು ಅವಳು ನಡೆದ್ಳು. ಹೋಗ್ಲಿ ನನ್ ಕಾಲಲ್ಲೇ ಹೋಗ್ಲಿ ಅಂತ ಹೊಲ್ದೆ. ನೀನು ನೋಡಿದ ತಕ್ಷಣ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ವರ್ಷ ಆದ್ರೂ ನೀನು ಏನೂ ಅನ್ಲಿಲ್ಲ. ಆಮೇಲೆ ಒಂದಿನ ಕರೆದು ಕೂರಿಸಿ, ಈಗ ಸರಿಯಾಗಿ ನಡೀತಾಳೆ ಅಂದೆ.”

ಅಮರನಾಥನಿಗೆ ತಪ್ಪಾಯ್ತು ಅನ್ನುವ ಮಾತು ಬಹಳ ಚಿಕ್ಕದಾಗಿ ಕಂಡಿತು, ಆದರೂ ಅದನ್ನೇ ಹೇಳಿದ. ಗಂಗಾ ಬಟ್ಟೆಯ ಮಡಿಕೆ ಸರಿಮಾಡಿದಳು. ಹೊರಗೆ ಯಾರದೋ ಟ್ರ್ಯಾಕ್ಟರು ಹೋಯಿತು. ಅವನು ಮೂಗು ಒರೆಸಿಕೊಂಡು ಲ್ಯಾಪ್‌ಟಾಪು ಮತ್ತೆ ತೆರೆದ. ಮೂರು ಹುಡುಗಿಯರನ್ನೂ ಮುಚ್ಚಿ, ಖಾಲಿ ಚೌಕಗಳ ಒಂದು ಹಾಳೆ ತೆರೆದ. ಅಗಲಕ್ಕೆ ಹದಿನಾರು, ಎತ್ತರಕ್ಕೆ ಇಪ್ಪತ್ತನಾಲ್ಕು.

“ಏನೋ ಅದು?”

“ಮೂರೂ ಬೇಡ ಅಂತೀನಿ ಅವರಿಗೆ. ದಾರ ದಾರವಾಗೇ ಕಾಣ್ಬೇಕು, ಗುಣಿಸು ಗುರುತು ಗುರುತಾಗೇ ಕಾಣ್ಬೇಕು. ಬಾಗಿಲು, ಬೀಗ, ಬೀದಿ ಎಲ್ಲ ಬಟ್ಟೆ ಮೇಲಿರೋ ಥರಾನೇ. ಇದೇ ಶೈಲಿ.”

“ಒಪ್ತಾರಾ?”

“ಒಪ್ಪದಿದ್ರೆ ಆಟ ಬೇಡ. ಓದಕ್ಕಾ, ನಾಲ್ಕನೇದು.”

ಗಂಗಾ ಅವನ ಮುಖ ನೋಡಿದಳು. ಏನು ಕಂಡಿತೋ, ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಕನ್ನಡಕ ಹಾಕಿಕೊಂಡಳು. “ಖಾಲಿ ಆರು, ಕಪ್ಪು ನಾಲ್ಕು, ಖಾಲಿ ಆರು” ಅಂದಳು. ಅವನು ತಿರುಗಿ ಹೇಳಿ ತುಂಬಿದ. ತಲೆ ಆಯಿತು, ಜಡೆ ಆಯಿತು. ಬೀಗದಕೈ ಗೊಂಚಲು ಬಂದಾಗ ಹಳದಿ ಎಲ್ಲಿ ಮುಗಿಯಿತು ಅಂತ ಇಬ್ಬರಿಗೂ ಸ್ವಲ್ಪ ವಾದವಾಯಿತು, ಅವಳೇ ಗೆದ್ದಳು. ಲಂಗದ ಕೆಂಪು ಬಹಳ ಹೊತ್ತು ನಡೆಯಿತು. ಅವನು ಪರದೆ ಬಿಟ್ಟು ಬಟ್ಟೆಯ ಕಡೆ ಒಂದು ಸಲವೂ ತಿರುಗಲಿಲ್ಲ. ಅವಳು ಯಾವುದನ್ನು ಓದುತ್ತಾಳೋ ಅದು, ದಾರ ಓದಿದರೆ ದಾರ, ತೂತು ಓದಿದರೆ ತೂತು.

ಕೊನೇ ಸಾಲಿಗೆ ಬಂದಾಗ ಅವಳ ಧ್ವನಿ ನಿಧಾನವಾಯಿತು.

“ಖಾಲಿ ನಾಲ್ಕು.”

“ಖಾಲಿ ನಾಲ್ಕು.”

“ಕಪ್ಪು ಎರಡು.”

“ಕಪ್ಪು ಎರಡು.”

ಬಟ್ಟೆಯ ಮೇಲೆ ಅವಳ ಬೆರಳು ಸರಿದ ಸದ್ದು ಕೂಡ ಅವನಿಗೆ ಕೇಳಿಸಿತು. “ಇದು ತಪ್ಪು ಅನ್ಸಿದ್ರೆ ಈಗ್ಲೇ ಹೇಳ್ಬಿಡು ಅಮರ” ಅಂದಳು. “ಆಮೇಲೆ ನೀನೇ ತಿದ್ಬೇಡ.”

“ಓದಕ್ಕಾ.”

“ಖಾಲಿ ಮೂರು” ಅಂದಳು ಗಂಗಾ.

“ಖಾಲಿ ಮೂರು” ಅಂದ ಅವನು, ಬೆರಳಿಟ್ಟು ಎಣಿಸಿಕೊಂಡು ಇನ್ನೊಂದು ಸಲ, “ಖಾಲಿ ಮೂರು.”

ಹಳೇ ಆಟದ ಮೊದಲ ಮೂರು ಚಿತ್ರದ ಜೊತೆ ಇದನ್ನೂ ಜೋಡಿಸಿ ಓಡಿಸಿದಾಗ ಚೆನ್ನಿ ನಡೆದಳು. ಬಲಗಾಲು ಎತ್ತಿ, ಬಲಗಾಲು ಊರಿ, ಎಡಗಾಲು ಎತ್ತಿ, ಎಡಗಾಲನ್ನು ಒಂದು ಮನೆ ಹಿಂದೆಯೇ ಊರಿ. ಈ ಸಲ ಯಾರೂ ಕಿರುಚಲಿಲ್ಲ. ಗಂಗಾ ಕನ್ನಡಕ ತೆಗೆಯದೆ ನೋಡುತ್ತಲೇ ಇದ್ದಳು, ಆ ಕಡೆ ಹೋಗುವುದನ್ನು, ಈ ಕಡೆ ಬರುವುದನ್ನು. ಅವನು ಕಾದ. ಚೆನ್ನಾಗ್ ನಡೀತಾಳೆ ಅಂತ ಅವಳು ಅನ್ನಲಿಲ್ಲ.

“ಸಾರಿಗೆ ಇಡ್ತೀನಿ. ಮೂರು ಗಂಟೆ ಬಸ್ಸಿಗೆ ಹೋಗೋನು, ಉಣ್ಕೊಂಡು ಹೋಗು” ಅಂದು ಬೇಳೆಯ ಪಾತ್ರೆ ಎತ್ತಿಕೊಂಡು ಎದ್ದಳು.

ಪಡಸಾಲೆಯ ನೆಲಕ್ಕೆ ಚೌಕ ಕಲ್ಲು ಹಾಸಿತ್ತು. ಅಕ್ಕ ಅಡುಗೆಮನೆಯ ಕಡೆ ಹೋಗುತ್ತಿದ್ದಳು. ಬಲಗಾಲು ಒಂದು ಕಲ್ಲು ದಾಟಿ ಮುಂದಿನ ಕಲ್ಲಿನ ಮೇಲೆ ಊರಿತು, ಎಡಗಾಲು ಹಿಂದಿನ ಕಲ್ಲಿನ ಮೇಲೇ ಉಳಿಯಿತು. ಅವಳು ಒಳಗೆ ಹೋಗಿ ಮರೆಯಾಗುವವರೆಗೂ ಅಮರನಾಥ ಅವಳ ನಡಿಗೆಯನ್ನು ನೋಡಿದ. ನಲವತ್ತೈದು ವರ್ಷದಲ್ಲಿ ಅವನು ಅದನ್ನು ನೋಡಿದ್ದು ಅದೇ ಮೊದಲು.